ಕ್ಯಾನ್ಸಸ್‌ನ ಗೋಧಿ ಹೊಲದ ನಡುವಿನ ಮೆನೊನೈಟ್ ಚರ್ಚು: ಊರಿಗೆ ಊರೇ ಒಟ್ಟಿಗೆ ಎದ್ದು ಬಂದಿದ್ದು ಹೇಗೆ? ಗೊತ್ತಿದ್ದವ್ರು ಹೇಳಿ

ಕಾಳಿದಂಡೆ (ಕಾರವಾರ)

ಎಲ್ರಿಗೂ ನಮಸ್ಕಾರ. ನಾನಿರೋದು ಕಾರವಾರದ ಕೋಡಿಬಾಗದಲ್ಲಿ, ಮೂಲ ಮಾತ್ರ ಸೂಪಾ, ಅಂದ್ರೆ ಈಗ ಡ್ಯಾಮಿನ ನೀರಡಿ ಇರೋ ಹಳೇ ಸೂಪಾ. ಮಗಳು ಅಳಿಯ ಅಮೆರಿಕದ ವಿಚಿಟಾದಲ್ಲಿದಾರೆ, ಹೋದ ಜೂನ್‌ನಲ್ಲಿ ನಾನೂ ನಮ್ಮನೆಯವ್ರೂ ಅಲ್ಲಿದ್ವಿ. ಒಂದು ಭಾನುವಾರ ಅಳಿಯ ಕಾರಲ್ಲಿ ಉತ್ತರಕ್ಕೆ ಕರ್ಕೊಂಡು ಹೋದ್ರು, ನ್ಯೂಟನ್ ಅನ್ನೋ ಊರು ದಾಟಿದ್ಮೇಲೆ ಎರಡೂ ಕಡೆ ಬರೀ ಗೋಧಿ, ಕೊಯ್ಲಿಗೆ ಬಂದಿತ್ತು, ನಮ್ಮ ಗದ್ದೆ ಥರ ಬದು ಇಲ್ಲ ಏನಿಲ್ಲ, ಕಣ್ಣಿಗೆ ಹಿಡಿಯೋಕೆ ಒಂದು ಗುಡ್ಡನೂ ಇಲ್ಲ. ಗೋಸೆಲ್ ಅನ್ನೋ ಸಣ್ಣ ಊರಿನ ಹತ್ರ ಆ ಬಯಲಲ್ಲಿ ಒಂದು ದೊಡ್ಡ ಬಿಳಿ ಮರದ ಕಟ್ಟಡ. ಬೋರ್ಡಲ್ಲಿ ಅಲೆಕ್ಸಾಂಡರ್‌ವೋಲ್ ಮೆನೊನೈಟ್ ಚರ್ಚ್ ಅಂತ ಬರ್ದಿತ್ತು. ಊರು ಅಂತ ಅಲ್ಲೇನೂ ಕಾಣ್ಲಿಲ್ಲ, ಚರ್ಚು ಅಷ್ಟೇ, ಆದ್ರೆ ಪಾರ್ಕಿಂಗ್ ತುಂಬಾ ಗಾಡಿ.

ಪ್ರಾರ್ಥನೆ ಮುಗಿದಿತ್ತು. ಒಬ್ಬ ಅಜ್ಜಿ, ಎಂಬತ್ತರ ಮೇಲೇ ಇರ್ಬೇಕು, ನಮ್ಮನ್ನ ನೋಡಿ ಒಳಗೆ ಕರೆದು ಕೂರ್ಸಿ ತಿನ್ನೋಕೆ ಕೊಟ್ರು. ಒಂದು ಬನ್ನಿನ ಮೇಲೆ ಇನ್ನೊಂದು ಪುಟ್ಟ ಬನ್ನು ಕೂರಿಸಿರ್ತಾರೆ, ಅದಕ್ಕೆ ಟ್ಸ್ವೀಬಾಕ್ ಅಂತಾರಂತೆ. ಮೇಲಿನ ಉಂಡೆ ಬೇಯುವಾಗ ಜಾರಿ ಬೀಳದ ಹಾಗೆ ಬೆರಳಿಂದ ಮಧ್ಯಕ್ಕೆ ಒತ್ತಬೇಕು ಅಂತ ತಮ್ಮ ಬೆರಳನ್ನ ಮೇಜಿನ ಮೇಲೆ ಒತ್ತಿ ತೋರ್ಸಿದ್ರು. ಹಡಗಲ್ಲಿ ಬರೋವಾಗ ಇದನ್ನೇ ಮತ್ತೊಂದ್ಸಲ ಒಲೆಲಿಟ್ಟು ಗರಿಗರಿ ಒಣಗ್ಸಿ ಚೀಲಗಟ್ಲೆ ತಂದಿದ್ರಂತೆ.

ಅವರು ಹೇಳಿದ ಒಂದು ಮಾತು ನಂಗೆ ಮನೆಗೆ ಬಂದ್ಮೇಲೂ ಬಿಡ್ತಾ ಇಲ್ಲ. 1874ರಲ್ಲಿ ರಷ್ಯಾದ ಕಡೆಯಿಂದ ಅವರ ಊರು ಪೂರ್ತಿ, ಊರಿನ ಹೆಸರು ಸಮೇತ, ಸಭೆಯ ದಫ್ತರು ಸಮೇತ ಎದ್ದು ಬಂತು ಅಂತ. ನಮ್ಮದೂ ಊರಿಗೆ ಊರೇ ಎದ್ದಿದ್ದು. ಆದ್ರೆ ಕೆಲವರು ರಾಮನಗರಕ್ಕೆ, ಕೆಲವರು ದಾಂಡೇಲಿಗೆ, ನಾವು ಕಾರವಾರಕ್ಕೆ, ಪಕ್ಕದ ಮನೆಯವ್ರು ಎಲ್ಲಿಗೆ ಹೋದ್ರು ಅಂತ ನಮ್ಮ ಆಯಿಗೆ ಇವತ್ತಿಗೂ ಗೊತ್ತಿಲ್ಲ. ಅವರಿಗೆ ಒಟ್ಟಿಗೆ ಇರೋಕೆ ಹೇಗೆ ಸಾಧ್ಯ ಆಯ್ತು?

ಇನ್ನೊಂದು, ವಾಪಸ್ ಬರೋವಾಗ ಒಂದು ಹೊಲದ ಮೂಲೆಲಿ ಕಬ್ಬಿಣದ ಬೇಲಿ ಹಾಕಿದ ಪುಟ್ಟ ಸ್ಮಶಾನ ಇತ್ತು, ಸುತ್ತ ಮನೆ ಇಲ್ಲ ಮಠ ಇಲ್ಲ. ಕಲ್ಲುಗಳು ಜರ್ಮನ್‌ನಲ್ಲಿ, ‘ಗೆಬೋರೆನ್’ ಅಂದ್ರೆ ಹುಟ್ಟಿದ್ದು, ‘ಗೆಸ್ಟೋರ್ಬೆನ್’ ಅಂದ್ರೆ ತೀರ್ಕೊಂಡಿದ್ದು ಅಂತ ಅಳಿಯ ಫೋನಲ್ಲಿ ನೋಡಿ ಹೇಳಿದ್ರು, ಒಂದೇ ಸಾಲಲ್ಲಿ ಐದಾರು ಮಕ್ಕಳ ಕಲ್ಲು. ಚರ್ಚು ಅಷ್ಟು ದೂರ ಇರ್ಬೇಕಾದ್ರೆ ಸ್ಮಶಾನ ಯಾಕೆ ಹೊಲದ ನಡುವೆ? ಮತ್ತೆ ಇವರು ನಮ್ಮ ಬಾಸೆಲ್ ಮಿಷನ್‌ನವ್ರ ಪೈಕಿನೇನಾ?

ಘಟ್ಟದ ಮೇಷ್ಟ್ರು (ಶಿರಸಿ)

ಅಕ್ಕಾ, ನಾನು ರಿಟೈರ್ಡ್ ಇತಿಹಾಸದ ಮೇಷ್ಟ್ರು, ಈ ಜನರ ಬಗ್ಗೆ ಬಹಳ ವರ್ಷದಿಂದ ಓದ್ಕೊಂಡು ಬಂದಿದೀನಿ, ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ.

ಮೊದಲು ಕೊನೇ ಪ್ರಶ್ನೆ. ಬಾಸೆಲ್ ಮಿಷನ್ ಬೇರೆ, ಇವರು ಬೇರೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್‌ನವರು ಲೂಥರನ್ ಮತ್ತು ರಿಫಾರ್ಮ್ಡ್ ಸಂಪ್ರದಾಯದವರು, ಎಳೆ ಮಗುವಿಗೂ ದೀಕ್ಷಾಸ್ನಾನ ಕೊಡ್ತಾರೆ. ಮೆನೊನೈಟರು ಹುಟ್ಟಿದ್ದೇ ಅದನ್ನ ಒಪ್ಪದೇ ಇದ್ದಿದ್ರಿಂದ. 1525ರ ಜನವರಿಲಿ ಝೂರಿಕ್‌ನಲ್ಲಿ ಒಂದಷ್ಟು ಜನ, ಬುದ್ಧಿ ಬಂದವನು ತಾನೇ ಒಪ್ಪಿ ತಗೊಂಡ್ರೆ ಮಾತ್ರ ದೀಕ್ಷೆ, ಅಂತ ದೊಡ್ಡವರೇ ಒಬ್ಬರಿಗೊಬ್ಬರು ದೀಕ್ಷಾಸ್ನಾನ ಮಾಡ್ಸಿಕೊಂಡ್ರು. ಎರಡು ವರ್ಷದೊಳಗೆ, 1527ರ ಜನವರಿಲಿ, ಅವರಲ್ಲೊಬ್ಬ ಫೆಲಿಕ್ಸ್ ಮಾಂಟ್ಸ್‌ನನ್ನ ಅದೇ ಊರಿನ ಲಿಮ್ಮಾಟ್ ಹೊಳೆಯಲ್ಲಿ ಮುಳುಗಿಸಿ ಕೊಂದ್ರು. ಮುಂದೆ ಹಾಲೆಂಡ್ ಕಡೆ ಮೆನೊ ಸೈಮನ್ಸ್ ಅನ್ನೋ ಕ್ಯಾಥೊಲಿಕ್ ಪಾದ್ರಿ 1536ರಲ್ಲಿ ತನ್ನ ಹುದ್ದೆ ಬಿಟ್ಟು ಇವರ ಜೊತೆ ಸೇರಿದ, ಚೆದುರಿದವ್ರನ್ನ ಒಟ್ಟು ಮಾಡ್ದ, ಅವನ ಹೆಸರೇ ಇವರಿಗೆ ಬಂತು. ಕತ್ತಿ ಹಿಡಿಯಲ್ಲ, ಆಣೆ ಹಾಕಲ್ಲ, ಸೈನ್ಯಕ್ಕೆ ಸೇರಲ್ಲ, ಈ ಮೂರು ಮಾತಿಗೆ ಅವರು ದೇಶ ದೇಶ ಅಲೆದಿದ್ದು.

ನೀವು ನೋಡಿದ ಸಭೆಯ ಬೇರು ಪೋಲೆಂಡ್‌ನ ವಿಸ್ತುಲಾ ನದಿ ದಂಡೇಲಿ, ಪ್ಶೆಖೂಫ್ಕಾ ಅನ್ನೋ ಹಳ್ಳೀಲಿದೆ. ಅಲ್ಲಿಂದ 1820-21ರ ಹೊತ್ತಿಗೆ ದಕ್ಷಿಣ ರಷ್ಯಾದ, ಅಂದ್ರೆ ಈಗಿನ ಉಕ್ರೇನಿನ, ಮೊಲೋಚ್ನಾ ಸೀಮೆಗೆ ಗಾಡಿ ಕಟ್ಕೊಂಡು ಹೊರಟ್ರು. ದಾರೀಲಿ ಚಕ್ರವರ್ತಿ ಒಂದನೇ ಅಲೆಕ್ಸಾಂಡರ್ ಎದುರಾಗಿ ಒಳ್ಳೇದಾಗ್ಲಿ ಅಂತ ಹರಸಿದ, ಅದಕ್ಕೇ ಹೊಸ ಊರಿಗೆ ಅಲೆಕ್ಸಾಂಡರ್‌ವೋಲ್ ಅಂತ ಹೆಸರಿಟ್ರು ಅಂತ ಅವರಲ್ಲಿ ಹೇಳ್ತಾ ಬಂದಿದಾರೆ, ‘ವೋಲ್’ ಅಂದ್ರೆ ಕ್ಷೇಮ. ಕ್ಯಾಥರೀನ್ ರಾಣಿ ಕಾಲದಿಂದ ರಷ್ಯಾ ಇವರನ್ನ ಕರೆದು ಭೂಮಿ ಕೊಟ್ಟು, ಸೈನ್ಯದ ಸೇವೆ ಬೇಡ ಅಂತ ಮಾತು ಕೊಟ್ಟಿತ್ತು. 1870ರಿಂದ ಆಚೆ ಎಲ್ಲರಿಗೂ ಸೈನ್ಯ ಕಡ್ಡಾಯ ಅನ್ನೋ ಕಾನೂನಿನ ಸುದ್ದಿ ಶುರುವಾದಾಗ ಆ ಮಾತಿಗೆ ಕುತ್ತು ಬಂತು.

ಈಗ ನಿಮ್ಮ ಮುಖ್ಯ ಪ್ರಶ್ನೆ. ನನ್ನ ಪ್ರಕಾರ ಅವರು ಒಟ್ಟಿಗೆ ಬಂದಿದ್ದಕ್ಕೆ ಕಾರಣ ಹೊರಡೋಕೆ ಮುಂಚೆನೇ ಇದೆ. 1873ರಲ್ಲಿ 12 ಜನರ ತಂಡ ಒಂದು ಅಮೆರಿಕ, ಕೆನಡಾ ಪೂರಾ ತಿರುಗಿ ಭೂಮಿ ನೋಡ್ಕೊಂಡು ಬಂತು, ಅದ್ರಲ್ಲಿ ಅಲೆಕ್ಸಾಂಡರ್‌ವೋಲ್ ಸಭೆಯ ಹಿರಿಯ ಯಾಕೋಬ್ ಬುಲ್ಲರ್ ಕೂಡ ಇದ್ದ. ಅಂದ್ರೆ ಊರೇ ತನ್ನ ನಂಬಿಕೆಯ ಮನುಷ್ಯನನ್ನ ಕಳಿಸಿ, ಅವನ ಬಾಯಿಂದ ಕೇಳಿ, ಆಮೇಲೆ ಕೂತು ತೀರ್ಮಾನ ಮಾಡ್ತು. 1874ರ ಬೇಸಿಗೇಲಿ ಸಿಂಬ್ರಿಯಾ, ಟ್ಯೂಟೋನಿಯಾ ಅನ್ನೋ ಎರಡು ಹಡಗಲ್ಲಿ ಹೊರಟ್ರು, ಸಿಂಬ್ರಿಯಾದವ್ರಲ್ಲಿ ಕೆಲವರು ನೆಬ್ರಾಸ್ಕಾದಲ್ಲೇ ಉಳಿದ್ರು, ಮಿಕ್ಕವ್ರು ಬುಲ್ಲರ್ ಜೊತೆ ಕ್ಯಾನ್ಸಸ್‌ಗೆ ಹೋದ್ರು, ಟ್ಯೂಟೋನಿಯಾದ ಗುಂಪೂ ಕ್ಯಾನ್ಸಸ್‌ಗೇ ಬಂತು. ಅಲ್ಲಿ ಸಾಂಟಾ ಫೆ ರೈಲ್ವೆ ಕಂಪ್ನಿಗೆ ಹಳಿ ಪಕ್ಕದ ಜಮೀನು ಮಾರೋದಿತ್ತು, ಇವರಿಗೆ ಒಂದೇ ಕಡೆ ಭೂಮಿ ಬೇಕಿತ್ತು. ಟೊಪೀಕಾದಲ್ಲಿ ಖಾಲಿ ಬಿದ್ದಿದ್ದ ಒಂದು ಸೇತುವೆ ಕಾರ್ಖಾನೆ ಕಟ್ಟಡದಲ್ಲಿ ಸ್ವಲ್ಪ ದಿನ ಉಳಿಸಿ, ಆಮೇಲೆ ಕಂಪ್ನಿಯೇ ಬಯಲಲ್ಲಿ ಉದ್ದುದ್ದ ಮರದ ಶೆಡ್ ಕಟ್ಟಿಸಿಕೊಡ್ತು, ಮೊದಲ ಚಳಿಗಾಲ ಎಷ್ಟೋ ಸಂಸಾರ ಒಂದೇ ಸೂರಿನಡಿ ಕಳೆದ್ರು.

ಆ ದಫ್ತರದ ಬಗ್ಗೆ ಹೇಳ್ಲೇಬೇಕು. 1784ರಲ್ಲಿ, ಇನ್ನೂ ಪೋಲೆಂಡ್‌ನಲ್ಲಿದ್ದಾಗ, ಯಾಕೋಬ್ ವೆಡೆಲ್ ಅನ್ನೋ ಸಭೆಯ ಹಿರಿಯ ಕುಟುಂಬಗಳನ್ನ ಮನೆತನದ ಪ್ರಕಾರ ಸಾಲಾಗಿ ಬರೆದ, ಹಿಂದಿನ ತಲೆಮಾರುಗಳನ್ನೂ ಸೇರಿಸಿ. ಆ ಪುಸ್ತಕ ವಿಸ್ತುಲಾದಿಂದ ಮೊಲೋಚ್ನಾಕ್ಕೆ, ಅಲ್ಲಿಂದ ಕ್ಯಾನ್ಸಸ್‌ಗೆ ಬಂತು. ಶ್ಮಿಟ್, ಉನ್ರೂ, ಬುಲ್ಲರ್, ವೋತ್, ರಾಟ್ಸ್‌ಲಾಫ್, ಆ ಪುಸ್ತಕದಲ್ಲಿರೋ ಮನೆತನಗಳೇ ಇವತ್ತೂ ಗೋಸೆಲ್ ಸುತ್ತಮುತ್ತ ಸಿಗ್ತವೆ.

ಹೊಲದ ನಡುವಿನ ಸ್ಮಶಾನಕ್ಕೂ ಕಾರಣ ಇದೆ. ಮೊದಲು ಅವರು ರಷ್ಯಾದಲ್ಲಿದ್ದ ಹಾಗೇ ಬೀದಿ ಊರು ಕಟ್ಟಿದ್ರು, ಒಂದು ಬೀದಿ, ಎರಡೂ ಕಡೆ ಮನೆ, ಹಿಂದೆ ಉದ್ದ ಪಟ್ಟಿಯ ಹೊಲ. ಹೋಖ್‌ಫೆಲ್ಡ್, ಗ್ನಾಡೆನ್‌ಟಾಲ್, ಎಮ್ಮಾಟಾಲ್, ಹೀಗೆ ಸುಮಾರು ಊರು. ಆದ್ರೆ ಅಮೆರಿಕದಲ್ಲಿ ಭೂಮಿ ಅಳೆಯೋದು ಚೌಕಕ್ಕೆ, 640 ಎಕರೆಗೆ ಒಂದು ಸೆಕ್ಷನ್ನು, ಖಾತೆ ಒಬ್ಬನ ಹೆಸರಿಗೆ ಮನೆ ಇನ್ನೊಬ್ಬನ ಜಾಗದಲ್ಲಿ ಅಂತಾದಾಗ ಬೀದಿ ಊರು ನಿಲ್ಲಲಿಲ್ಲ, ಕೆಲವೇ ವರ್ಷದಲ್ಲಿ ಮನೆ ಕಿತ್ಕೊಂಡು ಅವರವರ ಹೊಲಕ್ಕೆ ಹೋದ್ರು. ಮನೆ ಕೀಳಬಹುದು, ಗೋರಿ ಕೀಳೋಕಾಗಲ್ಲ. ನೀವು ನೋಡಿದ್ದು ಅಂಥ ಒಂದು ಊರಿನ ಸ್ಮಶಾನವೇ ಇರ್ಬೇಕು. ಹಳ್ಳಿಗಳು ಹೀಗೆ ಕರಗಿದ್ಮೇಲೆ ಎಲ್ಲರೂ ಸೇರೋ ಜಾಗ ಅಂತ ಉಳಿದಿದ್ದು ಚರ್ಚೊಂದೇ, ಈಗಿರೋ ಕಟ್ಟಡ 1886ರದ್ದು, 1928ರಲ್ಲಿ ದೊಡ್ಡದು ಮಾಡಿದಾರೆ.

ಗಜನಿ ಮನೆ (ಕುಮಟಾ)

ಮೇಷ್ಟ್ರೆ, ಗೋಧಿ ವಿಷ್ಯ ಬಿಟ್ರಲ್ಲ ಮಾರಾಯ್ರೆ, ನಂಗೆ ಈ ಜನ ಗೊತ್ತಾಗಿದ್ದೇ ಗೋಧಿಯಿಂದ.

ನಾವು ಮಾಣಿಕಟ್ಟಾ ಹತ್ರದವ್ರು, ಅಘನಾಶಿನಿ ಗಜನೀಲಿ, ಅಂದ್ರೆ ಹೊಳೆ ದಂಡೆಯ ಉಪ್ಪುನೀರಿನ ಗದ್ದೇಲಿ, ಕಗ್ಗ ಭತ್ತ ಬೆಳೆಯೋ ಮನೆತನ. ಕಗ್ಗ ಅಂದ್ರೆ ಉಪ್ಪುನೀರು ತಡೆಯೋ ಭತ್ತ, ಆಳೆತ್ತರ ಬೆಳೀತದೆ, ನೆರೆ ನೀರಲ್ಲಿ ಮುಳುಗಿ ಎದ್ರೂ ಸಾಯೋದಿಲ್ಲ. ಬೇರೆ ಬೀಜ ಅಲ್ಲಿ ಬರೋದೇ ಇಲ್ಲ. ನಮ್ಮಜ್ಜಿ ಬಿತ್ತನೆ ಕಾಳಿನ ಮುಡೆ ಕಟ್ಟೋ ಮುಂಚೆ ಚಾಪೆ ಮೇಲೆ ಹರಡಿ ಜೊಳ್ಳು, ಬೆರಕೆ ಕಾಳು ಎಲ್ಲಾ ಹೆಕ್ಕಿ ತೆಗೀತಿದ್ರು, ಮಕ್ಕಳನ್ನೂ ಕೂರಿಸ್ಕೊಳ್ತಿದ್ರು, ಸಂಜೆ ಹೊತ್ತಿಗೆ ಕುತ್ತಿಗೆ ನೋವು ಬರ್ತಿತ್ತು.

ಇವರದ್ದೂ ಹಾಗೇ. ಟರ್ಕಿ ರೆಡ್ ಅನ್ನೋ ಕೆಂಪು ಗಟ್ಟಿ ಗೋಧಿ ಇವರು ರಷ್ಯಾದಿಂದ ತಂದಿದ್ದು. ಶರತ್ಕಾಲದಲ್ಲಿ ಬಿತ್ತೋದು, ಸಸಿ ಹಿಮದಡಿ ಮಲಗಿರ್ತದೆ, ಜೂನಿಗೆಲ್ಲ ಕೊಯ್ಲು, ಅಂದ್ರೆ ಬೇಸಿಗೆಯ ಸುಡು ಬಿಸಿಲು ಬರೋ ಮುಂಚೆ ಕೆಲಸ ಮುಗೀತದೆ. ಅವರು ಬಂದ 1874ರ ಬೇಸಿಗೆಲೇ ಕ್ಯಾನ್ಸಸ್‌ನಲ್ಲಿ ಮಿಡತೆ ಹಿಂಡು ಬಂದು ಹಸಿರು ಅನ್ನೋದೆಲ್ಲ ತಿಂದು ಹಾಕಿತ್ತು, ಎಷ್ಟೋ ರೈತರು ಊರು ಬಿಟ್ಟು ಹೋಗ್ತಿದ್ರು, ಅಂಥ ವರ್ಷ ಇವರು ಎದುರು ದಿಕ್ಕಿನಿಂದ ಬಂದಿಳಿದಿದ್ದು, ನೆನೆಸ್ಕೊಂಡ್ರೆ ಮೈ ಜುಂ ಅಂತದೆ.

ಮಕ್ಕಳು ಒಂದೊಂದೇ ಒಳ್ಳೇ ಕಾಳು ಆರಿಸಿ ಡಬ್ಬಿಗೆ ತುಂಬಿ ತಂದ್ರು ಅಂತ ಅಲ್ಲಿ ಕಥೆ ಇದೆ. ಕಥೆ ಅಂತ್ಲೇ ಇಟ್ಕೊಳ್ಳಿ, ಯಾಕಂದ್ರೆ ಆ ಕೈಯಷ್ಟು ಬೀಜದಿಂದ ರಾಜ್ಯ ತುಂಬಲ್ಲ. ಬರ್ನಾರ್ಡ್ ವಾರ್ಕೆಂಟಿನ್ ಅನ್ನೋ ಮೆನೊನೈಟ್ ಗಿರಣಿ ಮಾಲೀಕ 1880ರ ದಶಕದಲ್ಲಿ ದೊಡ್ಡ ಪ್ರಮಾಣದಲ್ಲಿ ಬೀಜ ತರಿಸಿದ, ಹರಡಿದ್ದು ಅದರಿಂದ. ಇನ್ನೊಂದು, ಈ ಗೋಧಿ ಬಹಳ ಗಟ್ಟಿ, ಹಳೇ ಕಲ್ಲಿನ ಗಿರಣೀಲಿ ಸರಿಯಾಗಿ ಹಿಟ್ಟಾಗ್ತಿರಲಿಲ್ಲ, ಉಕ್ಕಿನ ರೋಲರ್ ಗಿರಣಿ ಬಂದ್ಮೇಲೇ ಅದಕ್ಕೆ ಬೆಲೆ ಬಂದಿದ್ದು. ಆದ್ರೂ ಆ ಮಕ್ಕಳ ಕಥೇನ ನಾನು ಸುಳ್ಳು ಅಂತ ತಳ್ಳಿಹಾಕಲ್ಲ. ನಾನೂ ಆ ಚಾಪೆ ಮೇಲೆ ಕೂತವನು.

ಅಕ್ಕಾ, ಗೋಸೆಲ್‌ನಲ್ಲಿ ಮ್ಯೂಸಿಯಂ ಒಂದಿದೆಯಲ್ಲ, ಅಲ್ಲಿ ಟರ್ಕಿ ರೆಡ್ ಹುಲ್ಲಿಂದ ಹೆಣೆದ ದೊಡ್ಡ ಗಂಟೆ ಇದೆ, ಅಮೆರಿಕದ ಲಿಬರ್ಟಿ ಬೆಲ್‌ನ ಆಕಾರದ್ದು, ನೋಡಿದ್ರಾ?

ಶರಾವತಿ ತೀರ (ಹೊನ್ನಾವರ)

ಸೈನ್ಯಕ್ಕೆ ಸೇರಲ್ಲ ಅಂತ ಅಮೆರಿಕಕ್ಕೆ ಬಂದ್ರು ಸರಿ, ಆದ್ರೆ ಅಮೆರಿಕನೂ ಮಹಾಯುದ್ಧಕ್ಕೆ ಹೋಯ್ತಲ್ಲ ಸರ್, ಅದೂ ಜರ್ಮನಿ ಮೇಲೆ. ಇವರು ಮನೇಲಿ ಜರ್ಮನ್ ಮಾತಾಡೋರು. ಆಗ ಏನಾಯ್ತು?

ಘಟ್ಟದ ಮೇಷ್ಟ್ರು (ಶಿರಸಿ)

ಒಳ್ಳೇ ಪ್ರಶ್ನೆ ತಂಗಿ. ಕಷ್ಟನೇ ಆಯ್ತು. 1917-18ರಲ್ಲಿ ಮೆನೊನೈಟ್ ಹುಡುಗರನ್ನೂ ಕರೆಸಿ ಕ್ಯಾನ್ಸಸ್‌ನ ಕ್ಯಾಂಪ್ ಫನ್‌ಸ್ಟನ್‌ನಂಥ ಶಿಬಿರಗಳಿಗೆ ಹಾಕಿದ್ರು, ಯೂನಿಫಾರ್ಮ್ ಹಾಕಲ್ಲ, ಬಂದೂಕು ಮುಟ್ಟಲ್ಲ ಅಂದವರು ಬಹಳ ಅನುಭವಿಸಿದ್ರು. ಊರಲ್ಲಿ ಉಳಿದವ್ರಿಗೂ ನೆಮ್ಮದಿ ಇರಲಿಲ್ಲ. ಯುದ್ಧ ಮುಗಿದ ದಿನವೇ, 1918ರ ನವೆಂಬರ್ 11ಕ್ಕೆ, ಬರ್ಟನ್ ಅನ್ನೋ ಊರಲ್ಲಿ ಜಾನ್ ಶ್ರಾಗ್ ಅನ್ನೋ ಮೆನೊನೈಟ್ ರೈತನನ್ನ ಗುಂಪು ಎಳ್ಕೊಂಡು ಹೋಗಿ ಮೈಗೆ ಹಳದಿ ಬಣ್ಣ ಬಳಿದು ನೇಣಿಗೆ ಹಾಕೋ ತನಕ ಹೋಗಿತ್ತು, ಒಬ್ಬ ಅಡ್ಡ ನಿಂತು ಉಳಿಸಿದ. ಎರಡನೇ ಮಹಾಯುದ್ಧದ ಹೊತ್ತಿಗೆ ಸರ್ಕಾರದ ಜೊತೆ ಮಾತಾಡಿ ಬೇರೆ ದಾರಿ ಮಾಡ್ಕೊಂಡಿದ್ರು, 1941ರಿಂದ 47ರ ತನಕ ಸೈನ್ಯದ ಬದಲು ಕಾಡು, ಮಣ್ಣು ಸಂರಕ್ಷಣೆ, ಮಾನಸಿಕ ಆಸ್ಪತ್ರೆ, ಇಂಥಲ್ಲಿ ಸಂಬಳ ಇಲ್ಲದೆ ಕೆಲಸ.

ಭಾಷೆ ಬಗ್ಗೆ ಒಂದು ಮಾತು, ಕಾರವಾರದ ಅಕ್ಕನಿಗೆ ಇದು ಬೇಗ ಅರ್ಥ ಆಗುತ್ತೆ. ಅವರು ಮನೇಲಿ ಆಡ್ತಿದ್ದಿದ್ದು ಪ್ಲಾಟ್‌ಡೀಚ್ ಅನ್ನೋ ತಗ್ಗು ನಾಡಿನ ಜರ್ಮನ್, ಚರ್ಚಲ್ಲಿ ಶಾಲೇಲಿ ಮೇಲ್ನುಡಿ ಜರ್ಮನ್. ನಿಮ್ಮಲ್ಲಿ ಮನೇಲಿ ಕೊಂಕಣಿ, ಶಾಲೆ ಕಚೇರೀಲಿ ಕನ್ನಡ ಅಂತಾರಲ್ಲ, ಹಾಗೆ.

ಅಂಕೋಲೆಯವ

ಈ ಥ್ರೆಡ್ ನೋಡಿ ಸುಮ್ನಿರೋಕಾಗ್ಲಿಲ್ಲ. ನಾನು ಛತ್ತೀಸ್‌ಗಢದ ಕೋರ್ಬಾದಲ್ಲಿ 9 ವರ್ಷ ಕೆಲಸದಲ್ಲಿದ್ದೆ, ಊರಿಗೆ ಬರ್ಬೇಕಂದ್ರೆ ಚಾಂಪಾ ಜಂಕ್ಷನ್‌ನಲ್ಲಿ ರೈಲು ಬದಲಿಸೋದು. ಆ ಚಾಂಪಾದಲ್ಲಿ ಮೆನೊನೈಟ್ ಚರ್ಚೂ ಇದೆ, ಕುಷ್ಠರೋಗದ ಆಸ್ಪತ್ರೆನೂ ಇದೆ. ಅಂದ್ರೆ ಅಕ್ಕ ನೋಡಿ ಬಂದ ಕ್ಯಾನ್ಸಸ್ ಸಭೆ ಆಗ ಯಾವ ಒಕ್ಕೂಟದಲ್ಲಿತ್ತೋ ಅದೇ ಒಕ್ಕೂಟದವ್ರು, ಪಿ. ಎ. ಪೆನ್ನರ್ ಅನ್ನೋರು, 1900ರ ಕೊನೇಲಿ ಭಾರತಕ್ಕೆ ಬಂದು ಚಾಂಪಾದಲ್ಲಿ ನೆಲೆ ನಿಂತು 1902ರಲ್ಲಿ ಕುಷ್ಠರೋಗಿಗಳಿಗೆ ಮನೆ ಶುರು ಮಾಡಿದ್ರು. ಅದಕ್ಕೆ ಮುಂಚಿನ ಬರಗಾಲದಲ್ಲೂ ಇವರ ಕೈ ಇದೆ, 1900ರಲ್ಲಿ ಕ್ವಿಟೋ ಅನ್ನೋ ಹಡಗು ಅಮೆರಿಕದಿಂದ ಮೆಕ್ಕೆಜೋಳ ತುಂಬ್ಕೊಂಡು ಮುಂಬೈಗೆ ಬಂತು, ಮೆನೊನೈಟರ ಪರವಾಗಿ ನ್ಯೂಟನ್ ಊರಿನ ಡೇವಿಡ್ ಗೋರ್ಟ್ಸ್ ಭಾರತಕ್ಕೆ ಬಂದಿದ್ದು ಆಗಲೇ. ಆ ಹೊತ್ತಿಗೆ ನಮ್ಮ ಜಿಲ್ಲೆನೂ ಮುಂಬೈ ಪ್ರಾಂತ್ಯದಲ್ಲೇ ಇತ್ತು.

ಆದ್ರೆ ನಾ ಹೇಳ್ಬೇಕು ಅನ್ಕೊಂಡಿದ್ದು ಇದಲ್ಲ. ಚಾಂಪಾ ಪಕ್ಕದ ಜಾಂಜ್‌ಗೀರ್‌ನಲ್ಲಿ ಆನಿ ಫಂಕ್ ಅನ್ನೋ ಟೀಚರ್ ಇದ್ರು. ಪೆನ್ಸಿಲ್ವೇನಿಯಾದ ಬ್ಯಾಲಿ ಅನ್ನೋ ಹಳ್ಳಿಯ ಹೆರೆಫರ್ಡ್ ಮೆನೊನೈಟ್ ಚರ್ಚಿನ ಮಗಳು, ಹುಟ್ಟಿದ್ದು 1874ರ ಏಪ್ರಿಲ್ 12. 1906ರಲ್ಲಿ ಬಂದು ಹಿಂದಿ ಕಲಿತು ಹೆಣ್ಣುಮಕ್ಕಳಿಗೆ ಶಾಲೆ ತೆರೆದ್ರು. 1912ರಲ್ಲಿ ಊರಿಂದ ತಂತಿ ಬಂತು, ತಾಯಿಗೆ ಬಹಳ ಹುಷಾರಿಲ್ಲ ಬೇಗ ಬಾ ಅಂತ. ಮುಂಬೈಯಿಂದ ಹಡಗು ಹತ್ತಿ ಇಂಗ್ಲೆಂಡ್ ತಲುಪಿದ್ರೆ ಅಲ್ಲಿ ಕಲ್ಲಿದ್ದಲು ಮುಷ್ಕರ, ಬುಕ್ ಮಾಡಿದ ಹಡಗು ಹೊರಡಲ್ಲ, ಬೇಗ ಹೋಗ್ಬೇಕು ಅಂತ ಕೈಯಿಂದ ಹೆಚ್ಚು ದುಡ್ಡು ಹಾಕಿ ಟೈಟಾನಿಕ್‌ಗೆ ಟಿಕೆಟ್ ಬದಲಾಯಿಸಿದ್ರು. 38ನೇ ಹುಟ್ಟುಹಬ್ಬ ಹಡಗಲ್ಲೇ ಆಯ್ತು. ಮೂರನೇ ದಿನ ಬೆಳಗಿನ ಜಾವ ಮುಳುಗಿ ಹೋಯ್ತು. ದೋಣೀಲಿ ತನ್ನ ಜಾಗ ಬೇರೆ ಹೆಂಗಸಿಗೆ ಬಿಟ್ಟುಕೊಟ್ರು ಅಂತ ಅವರ ಊರಲ್ಲಿ ಹೇಳ್ತಾರೆ. ಹೆರೆಫರ್ಡ್ ಚರ್ಚಿನ ಸ್ಮಶಾನದಲ್ಲಿ ಅವರ ನೆನಪಿಗೆ ಕಲ್ಲು ನಿಲ್ಲಿಸಿದಾರೆ, ಜಾಂಜ್‌ಗೀರ್ ಶಾಲೆಗೆ ಅವರದ್ದೇ ಹೆಸರು ಇಟ್ರು.

ನಮ್ಮ ಕಡೆ ಮೀನಿಗೆ ಹೋದ ದೋಣಿ ವಾಪಸ್ ಬರದಿದ್ರೆ ಮನೆಯವ್ರಿಗೆ ಏನಾಗುತ್ತೆ ಅಂತ ನಾ ಕಣ್ಣಾರೆ ನೋಡಿದೀನಿ, ದಿನಗಟ್ಲೆ ದಂಡೇಲಿ ಕೂತಿರ್ತಾರೆ. ಹಾಗಾಗಿ ಆ ಊರಿನ ಸ್ಮಶಾನದಲ್ಲಿ ಆ ಕಲ್ಲು ಇರೋದು ಎಷ್ಟು ದೊಡ್ಡ ವಿಷಯ ಅಂತ ನಂಗೆ ಗೊತ್ತು.

ಕಾಳಿದಂಡೆ (ಕಾರವಾರ)

ಎಲ್ರಿಗೂ ಕೈ ಮುಗೀತೀನಿ. ಇದನ್ನೆಲ್ಲ ಆಯಿಗೆ ಓದಿ ಹೇಳ್ದೆ, ಕೊಂಕಣೀಲಿ. ಗಜನಿ ತಮ್ಮಾ, ಆ ಹುಲ್ಲಿನ ಗಂಟೆ ನೋಡ್ಲಿಲ್ಲ, ಭಾನುವಾರ ಆಗಿದ್ರಿಂದ ಮ್ಯೂಸಿಯಂ ಕಡೆ ಹೋಗ್ಲೇ ಇಲ್ಲ, ಮುಂದಿನ ಸಲ ಹೋದಾಗ ಖಂಡಿತ ನೋಡ್ತೀನಿ. ಅಂಕೋಲೆ ತಮ್ಮಾ, ಆನಿ ಬಾಯಿ ಕಥೆ ಕೇಳಿ ಆಯಿ ಒಂದೇ ಕೇಳಿದ್ದು, ಆ ತಾಯಿ ಬದುಕಿದ್ಲಾ ಅಂತ.

ಮೇಷ್ಟ್ರೆ, ನೀವು ದಫ್ತರ ಅಂದಿದ್ದು ಓದುವಾಗ ಆಯಿ ತಡೆದ್ಲು. ಆ ವೆಡೆಲ್ ಅನ್ನೋನು ಹೊರಡೋಕೆ ಮುಂಚೆನೇ ಬರ್ದಿದ್ನಾ ಅಂತ ಎರಡು ಸಲ ಕೇಳಿದ್ಲು. ಹೌದು, ಮೂವತ್ತಾರು ವರ್ಷ ಮುಂಚೆ ಅಂದೆ. ಸುಮ್ನೆ ಕೂತ್ಲು. ನಮ್ಮಲ್ಲಿ ಪರಿಹಾರದ ಪಟ್ಟಿ ಅಂತ ಒಂದು ಮಾಡಿದ್ರು, ಅದ್ರಲ್ಲಿ ಸರ್ವೆ ನಂಬರು, ಗುಂಟೆ, ಮರ ಎಷ್ಟು ಅಂತೆಲ್ಲ ಇತ್ತು, ಯಾರ ಮನೆ ಪಕ್ಕ ಯಾರು ಅಂತ ಅದ್ರಲ್ಲಿ ಯಾಕಿರುತ್ತೆ. ನಮ್ಮ ಮನೆ ಕಾಗದದಲ್ಲಿ ಅಜ್ಜನ ಹೆಸರೂ ತಪ್ಪಾಗಿತ್ತು, ಅದನ್ನ ತಿದ್ದಿಸೋಕೆ ಅಪ್ಪ ಎಷ್ಟು ಸಲ ಬಸ್ಸು ಹತ್ತಿದ್ರೋ ಲೆಕ್ಕ ಇಲ್ಲ.

ನಿನ್ನೆ ರಾತ್ರಿ ಊಟ ಆದ್ಮೇಲೆ ನಾನು ಮೊಮ್ಮಗಳ ಹಳೇ ನೋಟ್‌ಬುಕ್ಕು ತಗೊಂಡು ಕೂತೆ. ಆಯಿ ಕಣ್ಣು ಮುಚ್ಕೊಂಡು ಹೊಳೆ ಕಡೆಯಿಂದ ಶುರು ಮಾಡಿದ್ಲು. ನಡ್ಕೊಂಡು ಹೋಗ್ತಿರೋಳ ಹಾಗೆ, ಬಲಗಡೆ ಇಂಥವರ ಮನೆ, ಅಂಗಳದಲ್ಲಿ ಮುರುಗಲು ಮರ, ದಾಟಿದ್ರೆ ಬಾವಿ, ಬಾವಿ ಎದುರು ಇಂಥವ್ರು, ಅವರ ಮಗಳಿಗೂ ನಂಗೂ ಒಂದೇ ವಾರ ಮದುವೆ ಆಗಿದ್ದು. ನಾನು ಬರ್ಕೊಳ್ತಾ ಹೋದೆ. ಹನ್ನೊಂದು ಮನೆ ಆಯ್ತು. ಹನ್ನೆರಡನೇ ಮನೆ ಹತ್ರ ನಿಂತ್ಲು, ಮೂಲೆ ಮನೆ, ಮಾಡಿನ ಮೇಲೆ ಒಂದು ಗಾಜಿನ ಹಂಚು, ಬಾಗಿಲಲ್ಲಿ ಹೊಲಿಗೆ ಮಷಿನ್ನು ಇಟ್ಕೊಂಡು ಒಬ್ರು ಕೂತಿರ್ತಿದ್ರು, ಅವರ ಹೆಸರು ಬರ್ತಾ ಇಲ್ಲ. ಇವತ್ತು ಬೆಳಿಗ್ಗೆ ಎದ್ದು ಚಹಾ ಕುಡಿಯೋ ಮುಂಚೆನೂ ಅದೇ ಯೋಚನೆ.

ಹಳೇ ಸೂಪಾದವ್ರು, ರಾಮನಗರದಲ್ಲೋ ದಾಂಡೇಲೀಲೋ ಇರೋರು ಯಾರಾದ್ರೂ ಇದನ್ನ ಓದ್ತಿದ್ರೆ ಮನೇಲಿ ಹಿರಿಯರನ್ನ ಕೇಳಿ ಹೇಳಿ. ಹೊಳೆಗೆ ಇಳಿಯೋ ದಾರಿ, ಬಾವಿ ದಾಟಿ ಎಡಗಡೆ ಮೂಲೆ ಮನೆ, ಹೊಲಿಗೆ ಮಷಿನ್ನು ಇದ್ದಿದ್ದು. ನೋಟ್‌ಬುಕ್ಕಲ್ಲಿ ಆ ಸಾಲು ಖಾಲಿ ಬಿಟ್ಟಿದೀನಿ.